ಮೂರನೆಯ ಮಣಿ

ಶಿವಾಜಿನಗರ, ಬೆಂಗಳೂರು
22 ಅಕ್ಟೋಬರ್ 2000

ಮಗಳು ಜೆಸ್ಸಿಗೆ,

ಸರ್ವೇಶ್ವರನಿಗೆ ಸ್ತೋತ್ರ. ಅಲ್ಲಿಯವರಿಗೆಲ್ಲ ನೀನು ಸಿಸ್ಟರ್ ಜೆಸಿಂತಾ ಆಗಿರಬಹುದು, ನನಗೆ ಜೆಸ್ಸಿಯೇ. ನಿಮ್ಮ ಕಾನ್ವೆಂಟಿನ ಫೋನ್ ನಂಬರು ನನ್ನ ಹತ್ತಿರ ಇದೆ, ಎಸ್‌ಟಿಡಿ ಬೂತೂ ಬೀದಿಯ ತುದಿಯಲ್ಲೇ ಇದೆ. ಆದರೆ ಫೋನಿನಲ್ಲಿ ದನಿ ನಡುಗಿದರೆ ಕೇಳಿಸಿಬಿಡುತ್ತದೆ. ಕಾಗದದಲ್ಲಿ ಆ ತೊಂದರೆ ಇಲ್ಲ.

ಇವತ್ತು ಬೆಳಗ್ಗೆ ಪೂಜೆ ಮುಗಿದ ಮೇಲೆ ಚರ್ಚಿನಲ್ಲಿ ಚೀಟಿ ಹಂಚಿದರು. ಸತ್ತವರ ಹಬ್ಬ ಬಂತಲ್ಲ. ಮನೆಯಲ್ಲಿ ತೀರಿಕೊಂಡವರ ಹೆಸರು ಬರೆದುಕೊಟ್ಟರೆ ನವೆಂಬರ್ ತಿಂಗಳಿಡೀ ಪೀಠದ ಮೇಲಿಟ್ಟು ಅವರ ಆತ್ಮಕ್ಕಾಗಿ ಪೂಜೆ ಮಾಡುತ್ತಾರೆ. ಮನೆಗೆ ಬಂದು ಬರೆಯಲು ಕೂತೆ. ನನ್ನ ಅಪ್ಪ, ಅಮ್ಮ, ನಿಮ್ಮ ಸೋದರಮಾವ. ನಾಲ್ಕನೆಯ ಸಾಲಿನಲ್ಲಿ ಇನ್ನಾಸಿ ಎಂದು ಬರೆಯಲು ಮೊದಲ ಅಕ್ಷರ ಹಾಕಿದ್ದೆ ಅಷ್ಟೆ, ನಿಮ್ಮಮ್ಮ ಚೀಟಿ ಕಿತ್ತುಕೊಂಡಳು.

"ಬದುಕಿರೋ ಮಗನಿಗೆ ಸಾವು ಬರೀತೀರಾ? ಅವನು ಮಾಡಿದ ತಪ್ಪನ್ನೇ ನೀವೂ ಮಾಡ್ತಿದೀರಲ್ರೀ!" ಎಂದಳು.

ಆ ತಪ್ಪು ನಿನಗೆ ಗೊತ್ತಲ್ಲ. ನಿನ್ನ ತಮ್ಮನ ಕೈ ನನಗಿಂತ ಚೆನ್ನಾಗಿತ್ತು. ಹತ್ತೊಂಬತ್ತನೆಯ ವಯಸ್ಸಿಗೇ ಸಮಾಧಿ ಕಲ್ಲಿನ ಮೇಲೆ ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಕೆತ್ತುತ್ತಿದ್ದ. ಗಂಡ ಹೋದಾಗ ಹೆಂಡತಿ ತನ್ನ ಹೆಸರನ್ನೂ ಅದೇ ಕಲ್ಲಿಗೆ ಹಾಕಿಸುವುದುಂಟು. ಹೆಸರು, ಹುಟ್ಟಿದ ದಿನ, ಆಮೇಲೆ ಖಾಲಿ ಜಾಗ. ಹಲಸೂರಿನ ತ್ರೇಸಮ್ಮನ ಗಂಡ ಹೋದಾಗ ಇವನು ಯಾವ ಧ್ಯಾನದಲ್ಲಿದ್ದನೋ, ಆ ಖಾಲಿ ಜಾಗದಲ್ಲೂ ಗಂಡ ಸತ್ತ ತಾರೀಕನ್ನೇ ಕೆತ್ತಿಬಿಟ್ಟ. ಕಲ್ಲು ನೋಡಲು ಬಂದ ತ್ರೇಸಮ್ಮ ತನ್ನ ಸಾವನ್ನು ತಾನೇ ಓದಿ ಕುಸಿದುಬಿದ್ದಳು. ಆಕೆ ಈಗಲೂ ಗುಂಡುಕಲ್ಲಿನ ಹಾಗಿದ್ದಾಳೆ, ಅದು ಬೇರೆ ಮಾತು. ಅವತ್ತು ಮನೆ ಬಿಟ್ಟು ಹೋದವನು ನಿನ್ನ ತಮ್ಮ. 1993ರ ಫೆಬ್ರವರಿ. ಒಂದು ಕಾಗದವಿಲ್ಲ.

ಸಂಜೆಯ ಜಪಸರ ಈಗಲೂ ನಡೆಯುತ್ತದೆ. ಮೊದಲಿನ ಮೂರು ಚಿಕ್ಕ ಮಣಿಗಳನ್ನು ನಾವು ಹಂಚಿಕೊಂಡಿದ್ದೆವಲ್ಲ. ವಿಶ್ವಾಸದ ಮಣಿ ನನಗೆ, ಭರವಸೆಯದು ಅಮ್ಮನಿಗೆ, ಪ್ರೀತಿಯದು ಚಿಕ್ಕವನೆಂದು ಇನ್ನಾಸಿಗೆ. ನಿನಗೆ ಯಾವುದೂ ಸಿಗಲಿಲ್ಲವೆಂದು ನೀನು ಅತ್ತಿದ್ದೆ. ನಾನು ನನ್ನದು ಹೇಳುತ್ತೇನೆ, ಅಮ್ಮ ತನ್ನದು ಹೇಳುತ್ತಾಳೆ. ಮೂರನೆಯ ಮಣಿ ಹಿಡಿದು ಸುಮ್ಮನೆ ಕೂರುತ್ತಾಳೆ. ಅವನು ಒಂದು 'ನಮೋ ಮರಿಯ' ಹೇಳುವಷ್ಟು ಹೊತ್ತು ಮನೆಯಲ್ಲಿ ಗಡಿಯಾರದ ಸದ್ದೊಂದೇ. ನೀನು ರಜೆಗೆ ಬಂದ ದಿನಗಳನ್ನು ಬಿಟ್ಟರೆ ಏಳೂವರೆ ವರ್ಷದಿಂದ ಹೀಗೆ. ಆ ಮೌನದಲ್ಲಿ ಬಾಗಿಲ ಬಳಿ ಯಾರೋ ಉಸಿರಾಡುತ್ತಿದ್ದಾರೆ ಅನ್ನಿಸುತ್ತದೆ. ತಿರುಗಿ ನೋಡಲು ನನಗೆ ಧೈರ್ಯವಿಲ್ಲ.

ಅವನು ಸತ್ತಿದ್ದರೆ ಯೋಚಿಸು. ಶುದ್ಧೀಕರಣದ ಬೆಂಕಿಯಲ್ಲಿ ನಿಂತು ಮನೆಯವರ ಒಂದು ಪೂಜೆಗಾಗಿ ಕಾಯುತ್ತಿರುತ್ತಾನೆ. ಅಮ್ಮನ ಭರವಸೆಯಿಂದಾಗಿ ಅವನಿಗೆ ಅದೂ ಇಲ್ಲ. ನೀನು ಹೇಳಿದರೆ ಕೇಳುತ್ತಾಳೆ. ಬರೆದು ಹೇಳು.

ನಿನ್ನ ಅಪ್ಪ,
ಚೌರಪ್ಪ

*

ಮುದಗಲ್ ಹತ್ತಿರ, ರಾಯಚೂರು ಜಿಲ್ಲೆ
6 ನವೆಂಬರ್ 2000

ಪೂಜ್ಯ ಅಪ್ಪನಿಗೆ,

ಉತ್ತರ ತಡವಾಯಿತು. ಹಬ್ಬ ಕಳೆಯಲಿ ಎಂದೇ ತಡ ಮಾಡಿದೆ, ಸುಳ್ಳು ಯಾಕೆ ಹೇಳಲಿ.

ಅಮ್ಮನಿಗೆ ನಾನು ಏನೂ ಬರೆಯಲಾರೆ. ಒಬ್ಬರ ಭರವಸೆಯನ್ನು ಇನ್ನೊಬ್ಬರು ಕಿತ್ತುಕೊಳ್ಳಬಾರದು ಅಪ್ಪ. ದೇವರು ಚೀಟಿ ನೋಡಿ ಕರುಣೆ ತೋರಿಸುವವನಲ್ಲ. ನಾವು ಯಾರ ಹೆಸರು ಬರೆದೆವು, ಯಾರದು ಬಿಟ್ಟೆವು ಎಂಬುದು ಅವನಿಗೆ ಅಡ್ಡಿಯಾಗುವುದಿಲ್ಲ. ನೀವು ನಿಶ್ಚಿಂತೆಯಿಂದಿರಿ.

ಇಲ್ಲಿ ಜ್ವರದವರು ಹೆಚ್ಚಾಗಿದ್ದಾರೆ. ಆಸ್ಪತ್ರೆಯ ಹನ್ನೆರಡು ಹಾಸಿಗೆಗಳೂ ತುಂಬಿವೆ. ಒಂದು ಮಾತು ಕೇಳಲೇ? ಇಷ್ಟು ವರ್ಷ ಸುಮ್ಮನಿದ್ದವರು ಈಗ ಯಾಕೆ ಇಷ್ಟು ಆತುರ ಪಡುತ್ತಿದ್ದೀರಿ?

ನಿಮ್ಮ ಮಗಳು,
ಜೆಸಿಂತಾ

*

ಶಿವಾಜಿನಗರ
14 ಜನವರಿ 2001

ಜೆಸ್ಸಿ,

ಕೇಳಿದೆಯಲ್ಲ, ಹೇಳುತ್ತೇನೆ. ಎರಡು ತಿಂಗಳು ಬೇಕಾಯಿತು.

ಅವತ್ತು ತ್ರೇಸಮ್ಮನನ್ನು ಆಟೋ ಹತ್ತಿಸಿ ಕಳಿಸಿದ ಮೇಲೆ ನಾನು ಇನ್ನಾಸಿಯ ಮೇಲೆ ಕೈ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಅವನು ಕಲ್ಲಿನ ಮುಂದೆ ಕೂತೇ ಇದ್ದ, "ತಪ್ಪಾಯ್ತಪ್ಪ" ಎಂದ. ನಾನು ಹೇಳಿದೆ, "ಬದುಕಿರೋರಿಗೆ ಸಾವು ಕೆತ್ತೋ ಕೈ ನಿಂದು. ನೋಡ್ತಿರು, ನಿನ್ನ ಕಲ್ಲು ನಾನೇ ಕೆತ್ತುತೀನಿ."

ಅಷ್ಟೇ. ಅವನು ಉಳಿ ಕೆಳಗಿಟ್ಟ. ನೀರಿನ ತೊಟ್ಟಿಯಲ್ಲಿ ಕೈ ತೊಳೆದುಕೊಂಡ, ಮೊಣಕೈವರೆಗೂ ಚೆನ್ನಾಗಿ ತೊಳೆದ. ನನ್ನ ಕಡೆ ನೋಡಲಿಲ್ಲ. ಕಲ್ಪಳ್ಳಿ ಸ್ಮಶಾನದ ಗೋಡೆ ಹಿಡಿದು ನಡೆದುಹೋದ. ಊಟದ ಹೊತ್ತಿಗೆ ಬರುತ್ತಾನೆ ಅಂದುಕೊಂಡೆ.

ಬೈಗುಳಕ್ಕೆ ಬಾಯಿಗೆ ಬಂದದ್ದನ್ನು ಎಲ್ಲ ಅಪ್ಪಂದಿರೂ ಅನ್ನುತ್ತಾರೆ. ಆದರೆ ಸಮಾಧಿ ಕಲ್ಲು ಕೆತ್ತುವವನು ಆ ಮಾತು ಆಡಬಾರದಿತ್ತು. ಪಕ್ಕದ ಶೆಡ್ಡಿನ ಮುಕ್ತಾರ್ ಒಬ್ಬನೇ ಕೇಳಿಸಿಕೊಂಡ. ಅವನೂ ನಮ್ಮ ಕಸುಬಿನವನೇ, ಮುಸಲ್ಮಾನರ ಗೋರಿಗೆ ಉರ್ದು ಕೆತ್ತುತ್ತಾನೆ. "ತೋಬಾ ಕರೋ ಚೌರಪ್ಪ, ಆ ಮಾತು ವಾಪಸ್ ತಗೋ" ಎಂದ. ನಾನು ತೆಗೆದುಕೊಳ್ಳಲಿಲ್ಲ. ನಿಮ್ಮಮ್ಮನಿಗೆ ಇದು ಇಂದಿಗೂ ಗೊತ್ತಿಲ್ಲ.

ಅವನು ಹಾಳು ಮಾಡಿದ ಕಲ್ಲನ್ನು ಗೋಡೆಗೆ ಮುಖ ಮಾಡಿ ಒರಗಿಸಿದ್ದೇನೆ. ಯಾರಿಗೂ ಮಾರಲಿಲ್ಲ, ಒಡೆಯಲೂ ಇಲ್ಲ. ಹೊಸ ಕಲ್ಲಿಗೆ ಗೆರೆ ಹಾಕುವಾಗೆಲ್ಲ ಯಾವ ಹೆಸರು ಬರೆಯಲು ಹೊರಟರೂ ಪೆನ್ಸಿಲು ಅವನ ಹೆಸರಿನ ಮೊದಲ ಅಕ್ಷರಕ್ಕೆ ತಿರುಗುತ್ತದೆ. ನನಗೆ ಹುಚ್ಚು ಹಿಡಿಯುತ್ತಿದೆಯೋ ಏನೋ.

ನನ್ನದು ವಿಶ್ವಾಸದ ಮಣಿಯಂತೆ. ದೇವರು ಇದ್ದಾನೆ ಎಂಬ ವಿಶ್ವಾಸ ನನಗೆ ಗಟ್ಟಿಯಾಗಿದೆ. ಅದಕ್ಕೇ ಹೆದರಿಕೆ. ಅವನಿದ್ದರೆ ನಾನು ಆಡಿದ ಮಾತನ್ನೂ ಕೇಳಿಸಿಕೊಂಡಿರುತ್ತಾನಲ್ಲ.

ಅಪ್ಪ

*

ಶಿವಾಜಿನಗರ
10 ಜೂನ್ 2001

ಜೆಸ್ಸಿ,

ನೀನು ರಜೆ ಮುಗಿಸಿ ಹೋದ ಮೇಲೆ ಮನೆ ಮತ್ತೆ ಮೊದಲಿನಂತಾಗಿದೆ. ನನ್ನ ಜನವರಿಯ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ, ಬಂದಾಗಲೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಂದು ವಾರ ಇಬ್ಬರೂ ರಸೆಲ್ ಮಾರ್ಕೆಟ್ಟಿನ ಮೀನಿನ ವಿಚಾರವನ್ನೇ ಮಾತಾಡಿದೆವು.

ಒಂದು ಹೇಳಬೇಕು. ನಾಲ್ಕು ಬೇಸಿಗೆಯಿಂದ ನೀನು ಬಂದಾಗೆಲ್ಲ ಮೂರನೆಯ ಮಣಿಯನ್ನು ನೀನೇ ಹೇಳುತ್ತೀಯ. ಯಾರೂ ಹೇಳು ಅನ್ನದಿದ್ದರೂ ಸರಾಗವಾಗಿ ಎತ್ತಿಕೊಳ್ಳುತ್ತೀಯ. ನನಗೆ ಅದು ಹಿತ. ಆ ಒಂದು ವಾರ ಬಾಗಿಲ ಬಳಿ ಯಾರೂ ನಿಲ್ಲುವುದಿಲ್ಲ. ನೀನು ಹೊರಟ ಸಂಜೆ ಆ ಮಣಿಯನ್ನು ನಾನೇ ಹೇಳಲು ಬಾಯಿ ತೆರೆದೆ. ನಿಮ್ಮಮ್ಮ ಕೈ ಅಡ್ಡ ಹಿಡಿದು, "ಜೆಸ್ಸಿ ಹೇಳಿದ್ರೆ ಹೇಳ್ಲಿ. ನೀವು ಬೇಡ" ಎಂದಳು. ಮತ್ತೆ ಅದೇ ಮೌನ. ಅವಳ ಮನಸ್ಸಿನಲ್ಲಿ ಏನಿದೆಯೋ ನನಗೆ ತಿಳಿಯದು.

ನೀನು ಬಂದಾಗ ಇದ್ದ ಕೆಮ್ಮು ಕಡಿಮೆಯಾಗಿಲ್ಲ. ಎಕ್ಸ್‌ರೇ ತೆಗೆಸಿದೆ. ಎದೆಯಲ್ಲಿ ದೂಳು ಕೂತಿದೆ ಎಂದರು. ನಲವತ್ತು ವರ್ಷ ಕಲ್ಲು ಕುಟ್ಟಿದವನ ಎದೆಯಲ್ಲಿ ಇನ್ನೇನು ಮಲ್ಲಿಗೆ ಹೂವಿರುತ್ತದೆಯೇ?

ಅಪ್ಪ

*

ಮುದಗಲ್ ಹತ್ತಿರ
2 ಜುಲೈ 2001

ಅಪ್ಪನಿಗೆ,

ತಮಾಷೆ ಸಾಕು. ನಾಳೆಯಿಂದ ಶೆಡ್ಡಿಗೆ ಹೋಗಬೇಡಿ. ಹೋಗಲೇಬೇಕಾದರೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಕಲ್ಲಿಗೆ ನೀರು ಹಾಕಿಯೇ ಕೆಲಸ ಮಾಡಿ. ಕಲ್ಲಿನ ದೂಳು ಎದೆಗೆ ಇಳಿದರೆ ಕೊನೆಗೆ ಹೇಗಾಗುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಮತ್ತೊಮ್ಮೆ ನೋಡುವ ಶಕ್ತಿ ನನಗಿಲ್ಲ.

ಮಾತ್ರೆಗಳ ಹೆಸರು ಬರೆದಿರುವ ಚೀಟಿ ಇಟ್ಟಿದ್ದೇನೆ. ಅಮ್ಮನ ಕೈಗೆ ಕೊಡಿ, ನೀವು ಜೇಬಿನಲ್ಲೇ ಮರೆಯುತ್ತೀರಿ.

ಜೆಸಿಂತಾ

*

ಶಿವಾಜಿನಗರ
14 ಅಕ್ಟೋಬರ್ 2001

ಜೆಸ್ಸಿ,

ಚೀಟಿ ಮತ್ತೆ ಬಂತು. ಈ ಸಲ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ನಿಮ್ಮಮ್ಮ ನೋಡಿಲ್ಲ. ಇನ್ನಾಸಿಯ ಹೆಸರು ಬರೆದು, ಅವಳಿಗೆ ಹೇಳದೆ ಪೆಟ್ಟಿಗೆಗೆ ಹಾಕುತ್ತೇನೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳಿಗೆ ತಿಳಿಯದಂತೆ ಮಾಡುವ ಮೊದಲ ಕೆಲಸ ಇದು. ಆ ಮಾತನ್ನು ಮುಚ್ಚಿಟ್ಟದ್ದನ್ನು ಬಿಟ್ಟರೆ.

ಈಗ ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ. ಮುಂದಿನ ವರ್ಷದ ಚೀಟಿಯಲ್ಲಿ ನನ್ನ ಹೆಸರೇ ಇರಬಹುದು, ಆಗ ಅವನ ಹೆಸರು ಬರೆಯಲು ಯಾರಿದ್ದಾರೆ? ಎಂಟು ವರ್ಷ ಮಗಳೇ. ಸತ್ತಿದ್ದರೆ, ಎಂಟು ವರ್ಷದಿಂದ ಒಂದು ಪೂಜೆಯಿಲ್ಲ, ಒಂದು ಮೇಣದ ಬತ್ತಿಯಿಲ್ಲ. ಕಸಾಯಿಖಾನೆಯ ದನಕ್ಕೂ ಕಡೆಯಲ್ಲಿ ದೇವರ ಹೆಸರೊಂದು ಹೇಳುತ್ತಾರೆ. ನನ್ನ ಮಗನಿಗೆ ಅದೂ ಇಲ್ಲ, ಅವನ ಅಪ್ಪನ ಶಾಪ ಒಂದೇ ಅವನ ಜೊತೆಗೆ ಹೋದದ್ದು.

ಇದು ಪಾಪವೋ ಪುಣ್ಯವೋ, ನೀನು ಸಿಸ್ಟರು, ನೀನೇ ಹೇಳು.

ಅಪ್ಪ

*

ಮುದಗಲ್ ಹತ್ತಿರ
20 ಅಕ್ಟೋಬರ್ 2001

ಅಪ್ಪ,

ಕೂತುಕೊಂಡು ಓದಿ. ಮೆಟ್ಟಿಲ ಮೇಲೆ ನಿಂತು ಓದಬೇಡಿ.

ಇನ್ನಾಸಿ ಇಲ್ಲ. 1998ರ ಜನವರಿ 21ರಂದು ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಆಸ್ಪತ್ರೆಯಲ್ಲಿ, ನನ್ನ ಕೈಯಲ್ಲೇ ಹೋದ. ನಮ್ಮ ಕಾನ್ವೆಂಟಿನ ಹಿಂದಿನ ಸಮಾಧಿ ತೋಟದಲ್ಲಿ ಬೇವಿನ ಮರದ ಪಕ್ಕ ಮಲಗಿದ್ದಾನೆ.

ಅವನು ಇಲ್ಲಿಗೆ ಬಂದದ್ದು ಅದಕ್ಕೆ ಹತ್ತು ವಾರ ಮುಂಚೆ. ಇಳಕಲ್ಲಿನ ಕಲ್ಲು ಕ್ವಾರಿಯಲ್ಲಿ ನಾಲ್ಕು ವರ್ಷ ದುಡಿದಿದ್ದನಂತೆ. ಬಂಡೆ ಸೀಳುವ ಕೆಲಸ. ಅಕ್ಷರ ಕೆತ್ತುವುದನ್ನು ಮತ್ತೆಂದೂ ಮಾಡಲಿಲ್ಲ ಎಂದ. ಎದೆ ಪೂರ್ತಿ ಹಾಳಾಗಿತ್ತು. ಲಾರಿಯಿಂದ ಇಳಿಸಿ ತಂದವನ ಗುರುತೇ ನನಗೆ ಹತ್ತಲಿಲ್ಲ. "ನನಗೂ ಒಂದು ಮಣಿ ಕೊಡಿ ಅಂತ ಅಳ್ತಿದ್ಯಲ್ಲ, ಅದೇ ಅಕ್ಕ ತಾನೇ?" ಎಂದಾಗ ಗೊತ್ತಾಯಿತು.

ಮನೆಗೆ ತಿಳಿಸುತ್ತೇನೆ ಎಂದು ಎಷ್ಟು ಸಲ ಹೇಳಿದೆ. ಒಪ್ಪಲಿಲ್ಲ. ನಿಮ್ಮ ಮೇಲೆ ಕೋಪಕ್ಕಲ್ಲ ಅಪ್ಪ. ಅವನ ಮಾತನ್ನು ಅವನು ಆಡಿದ ಹಾಗೇ ಬರೆಯುತ್ತೇನೆ. "ಅಪ್ಪಂಗೆ ಗೊತ್ತಾದ್ರೆ ನನ್ನ ಕಲ್ಲು ಅವರೇ ಕೆತ್ಬೇಕಾಗತ್ತೆ ಜೆಸ್ಸಕ್ಕ. ಬೇರೆ ಯಾರಿಗೂ ಬಿಡಲ್ಲ ಅವರು. ಕೆತ್ತೋವಾಗ ಅವತ್ತು ಆಡಿದ ಮಾತು ನೆನಪಾಗತ್ತೆ. ಆಮೇಲೆ ಅವರು ಬದುಕಲ್ಲ. ನಂಗೆ ಕಲ್ಲೇ ಬೇಡ ಬಿಡು." ನನ್ನ ಕೈಗೆ ಶಿಲುಬೆ ಕೊಟ್ಟು ಆಣೆ ಮಾಡಿಸಿಕೊಂಡ. ಅದಕ್ಕೇ ಅವನ ತಲೆಯ ಹತ್ತಿರ ಮರದ ಶಿಲುಬೆ ಮಾತ್ರ ಇದೆ. ಮೂರು ಸಲ ಗೆದ್ದಲು ತಿಂದು ಮೂರು ಸಲ ಬದಲಾಯಿಸಿದ್ದೇನೆ.

ನಿಮ್ಮ ಜನವರಿಯ ಕಾಗದ ಓದಿದಾಗ ನನಗೆ ಜೀವ ಹೋದಂತಾಯಿತು. ನೀವು ಬಚ್ಚಿಟ್ಟದ್ದೂ ಅವನು ಬಚ್ಚಿಡು ಎಂದದ್ದೂ ಒಂದೇ ಮಾತು, ಎರಡೂ ನನ್ನ ಹತ್ತಿರವೇ ಇದ್ದವು. ಆಣೆ ಮುರಿಯಲಾರದೆ ಇದ್ದೆ. ಆದರೆ ಅವನಿಗೆ ಒಂದು ಪೂಜೆಯೂ ಇಲ್ಲ ಎಂದು ನೀವು ಬರೆದ ಮೇಲೆ ಸುಮ್ಮನಿರುವುದು ಆಣೆಯಲ್ಲ, ಕ್ರೌರ್ಯ. ಕೇಳಿ ಅಪ್ಪ, ಅವನಿಗೆ ಎಲ್ಲವೂ ಆಗಿದೆ. ಫಾದರ್ ಬಂದು ಎಣ್ಣೆ ಹಚ್ಚಿ ಕಡೆಯ ಪ್ರಾರ್ಥನೆ ಹೇಳಿದರು. ಅವನು ಪ್ರಸಾದ ತೆಗೆದುಕೊಂಡ. ಪ್ರತಿ ತಿಂಗಳ ಇಪ್ಪತ್ತೊಂದಕ್ಕೆ ಇಲ್ಲಿ ಅವನ ಹೆಸರಿನಲ್ಲಿ ಪೂಜೆ ನಡೆಯುತ್ತದೆ. ಒಂದೂ ತಪ್ಪಿಲ್ಲ.

ಹೋಗುವ ಹಿಂದಿನ ದಿನ ಕೇಳಿದ, "ನಮ್ಮನೇಲಿ ನನ್ನ ಮಣಿ ಈಗ ಯಾರು ಹೇಳ್ತಾರೆ?" ಯಾರೂ ಹೇಳುವುದಿಲ್ಲ, ಅಮ್ಮ ಹಾಗೇ ಬಿಟ್ಟಿದ್ದಾಳೆ ಎಂದೆ. ನನ್ನ ಸೊಂಟದ ಜಪಸರ ಎಳೆದು ಆ ಮಣಿಯನ್ನು ಮುಟ್ಟಿ ನೋಡಿದ. ಆಮೇಲೆ, "ನೀನು ತಗೋ. ಅಳ್ತಿದ್ಯಲ್ಲ, ತಗೋ" ಎಂದ. ಅದಕ್ಕೇ ಆ ಬೇಸಿಗೆಯಿಂದ ನಾನು ಹೇಳುತ್ತಿದ್ದೇನೆ.

ಅಮ್ಮನಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ. ಕ್ಷಮಿಸಿದರೆ ಮಾತ್ರ ಬರೆಯಿರಿ.

ಜೆಸ್ಸಿ

*

ಶಿವಾಜಿನಗರ
4 ನವೆಂಬರ್ 2001

ಮುದ್ದು ಮಗಳು ಜೆಸ್ಸಿಗೆ,

ಅಮ್ಮ ಬರೆಯುತ್ತಿದ್ದೇನೆ. ನಾಲ್ಕನೆಯ ಕ್ಲಾಸಿನ ಬರವಣಿಗೆ. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದಾರೆ. ತಪ್ಪಿದ್ದರೆ ತಿದ್ದಲಾ ಎಂದರು, ಬೇಡ ಎಂದೆ.

ನಿನ್ನ ಕಾಗದ ಬಂದ ದಿನ ಅವರು ಅದನ್ನು ಓದಿ ಮಡಚಿ ಒಳಜೇಬಿಗೆ ಇಟ್ಟುಕೊಂಡರು. ಊಟ ಮಾಡಲಿಲ್ಲ. ಸಂಜೆ ಜಪಸರಕ್ಕೆ ಕೂತಾಗ ಅವರಿಗೆ ಮೊದಲನೆಯ ಮಣಿಯೇ ಬಾಯಿಗೆ ಬರಲಿಲ್ಲ. ನಾನು ಹೇಳಿದೆ, "ಇನ್ನಾಸಿ ಸುದ್ದಿ ಅಲ್ವಾ? ನಂಗೆ ಗೊತ್ತು. ಅಳಿ."

ನನಗೆ ಗೊತ್ತಿತ್ತು ಮಗಳೇ. ನೀನು ಆ ಮಣಿ ಎತ್ತಿಕೊಂಡ ದಿನವೇ ಗೊತ್ತಾಯಿತು. ಅದಕ್ಕೆ ಮೊದಲು ನೀನೂ ನನ್ನ ಹಾಗೆ ಕಾಯುತ್ತಿದ್ದೆ. ಬರುವವನಿದ್ದರೆ ಅಕ್ಕ ಅವನ ಪಾಲನ್ನು ಯಾಕೆ ತೆಗೆದುಕೊಳ್ಳುತ್ತಾಳೆ? ಅವತ್ತು ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿ ಹಿಡಿದುಕೊಂಡು ಅತ್ತೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಹೇಳಬೇಕಾಗುತ್ತಿತ್ತು.

ನಿಮ್ಮಪ್ಪ ಆಡಿದ ಮಾತೂ ನನಗೆ ಗೊತ್ತಿತ್ತು. ಮುಕ್ತಾರಣ್ಣ ಅವತ್ತು ಸಂಜೆಯೇ ಬಂದು ಹೇಳಿಹೋಗಿದ್ದರು. ಅದಕ್ಕೇ ಹೋದ ವರ್ಷ ಚೀಟಿ ಕಿತ್ತುಕೊಂಡೆ. ಇವರ ಕೈಯಲ್ಲಿ ಆ ಹೆಸರು ಸತ್ತವರ ಸಾಲಿಗೆ ಬಿದ್ದರೆ ಅವರ ಮಾತು ನಿಜವಾದ ಹಾಗೆ. ಮಗನಂತೂ ಹೋದ. ಗಂಡನನ್ನೂ ಆ ಮಾತಿಗೆ ಕೊಡಲೇ? ಮಗ ಬದುಕಿದ್ದಾನೆ ಎಂದು ಹಟ ಹಿಡಿದು ಕೂತೆ. ಹುಚ್ಚಿ ಎಂದುಕೊಂಡರೂ ಸರಿ ಎಂದು. ಆ ಖಾಲಿ ಮಣಿ ಹಿಡಿದು ಕೂತಾಗೆಲ್ಲ ಒಳಗೊಳಗೇ ಅವನ ಆತ್ಮಕ್ಕೆ ಶಾಂತಿ ಕೊಡಪ್ಪಾ ಎನ್ನುತ್ತಿದ್ದೆ. ಅದು ಇವರಿಗೆ ಕೇಳಿಸಲಿಲ್ಲ. ಹಲಸೂರಿನ ಚರ್ಚಿಗೆ ಹೋಗಿ ಹೆಸರು ಹೇಳದೆ 'ಒಂದು ಆತ್ಮಕ್ಕೆ' ಎಂದು ಪೂಜೆಯನ್ನೂ ಮಾಡಿಸುತ್ತಿದ್ದೆ. ದೇವರಿಗೆ ಹೆಸರು ಗೊತ್ತು.

ಭರವಸೆ ನಿನ್ನ ಮಣಿ ಎಂದು ನಿಮ್ಮಪ್ಪ ನನ್ನನ್ನು ಹಂಗಿಸುತ್ತಿದ್ದರು. ಅವನು ಬಾಗಿಲು ತಳ್ಳಿಕೊಂಡು ಬರುತ್ತಾನೆ ಎನ್ನುವ ಭರವಸೆ ಯಾವಾಗಲೋ ಹೋಯಿತು. ಅವನಿರುವ ಕಡೆಗೆ ನಾವು ಹೋಗುತ್ತೇವೆ ಎನ್ನುವುದು ಉಳಿದಿದೆ. ಅದನ್ನು ಯಾರೂ ಕಿತ್ತುಕೊಳ್ಳಲಾರರು.

ಮೊನ್ನೆ ಚೀಟಿಯಲ್ಲಿ ಅವನ ಹೆಸರನ್ನು ನಾನೇ ಬರೆದೆ. ನಿಮ್ಮಪ್ಪ ಪೆಟ್ಟಿಗೆಗೆ ಹಾಕಿದರು. ಆ ಸಂಜೆ ಮೂರನೆಯ ಮಣಿ ಬಂದಾಗ ನಾನು ಅವರ ಮುಖ ನೋಡಿದೆ. ಶುರು ಮಾಡಿದರು. ಅರ್ಧಕ್ಕೆ ದನಿ ನಿಂತಿತು, ಮಿಕ್ಕದ್ದನ್ನು ನಾನು ಹೇಳಿ ಮುಗಿಸಿದೆ. ನೀನು ಬಂದಾಗ ನಿನ್ನ ಮಣಿ ನಿನಗೇ ವಾಪಸು ಕೊಡುತ್ತಾರಂತೆ.

ನಿನ್ನ ಮೇಲೆ ನಮಗೆ ಕೋಪವಿಲ್ಲ. ನಾಲ್ಕು ವರ್ಷ ಒಬ್ಬಳೇ ಹೊತ್ತೆಯಲ್ಲ ಕಂದಾ ಎಂದು ಸಂಕಟ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಲೂರ್ದಮ್ಮ

*

ಶಿವಾಜಿನಗರ
12 ಜನವರಿ 2002

ಜೆಸ್ಸಿ,

ನಾವಿಬ್ಬರೂ ಇಪ್ಪತ್ತನೆಯ ತಾರೀಕು ಬೆಳಗ್ಗೆ ಅಲ್ಲಿರುತ್ತೇವೆ. ಮರುದಿನದ ಪೂಜೆಗೆ ಫಾದರ್‌ಗೆ ಹೇಳಿಡು. ನಿಮ್ಮಮ್ಮ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ನಿನಗೆ ಸ್ವೆಟರ್ ತಂದಿದ್ದಾಳೆ. ರಾಯಚೂರಿನಲ್ಲಿ ಎಲ್ಲಿಯ ಚಳಿ ಎಂದರೆ ಕೇಳುವವಳಲ್ಲ.

ಕಲ್ಲು ನಾಳೆ ಲಾರಿಗೆ ಹೋಗುತ್ತದೆ. ಗೋಡೆಗೆ ಮುಖ ಮಾಡಿ ಇಟ್ಟಿದ್ದೆನಲ್ಲ, ಅದೇ ಕಲ್ಲು. ತ್ರೇಸಮ್ಮನಿಗೆ ಹಾಕಿದ್ದ ಸುಳ್ಳು ತಾರೀಕನ್ನು ಉಜ್ಜಿ ತೆಗೆದೆ. ಉಳಿದ ಅಕ್ಷರ ಅಳಿಸಲು ಮನಸ್ಸಾಗಲಿಲ್ಲ, ಅಷ್ಟು ಚೆನ್ನಾಗಿವೆ. ಆ ಮುಖವನ್ನು ಕೆಳಗೆ ಮಾಡಿ ಮಲಗಿಸೋಣ. ಅವನ ಕೈಬರಹ ಅವನ ಕಡೆಗಿರಲಿ.

ಇನ್ನೊಂದು ಮುಖವನ್ನು ನುಣುಪು ಮಾಡಿ ಉಳಿ ಹಿಡಿದು ಮೂರು ದಿನ ಕೂತೆ. ಕೈ ಏಳಲಿಲ್ಲ. ಮುಕ್ತಾರ್ ಬಂದು ನನ್ನ ಕೈಯಿಂದ ಉಳಿ ತೆಗೆದುಕೊಂಡ. "ಹಟೋ ಚೌರಪ್ಪ, ಅತ್ತ ಸರಿ, ಇದು ನನ್ನ ಕೆಲಸ" ಎಂದ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಪೆನ್ಸಿಲಿನಲ್ಲಿ ಗೆರೆ ಎಳೆದೆ, ಅವನು ಗೆರೆ ಹಿಡಿದು ಕೆತ್ತಿದ. ಒಂದು ಅಕ್ಷರವೂ ಸೊಟ್ಟಗಾಗಿಲ್ಲ. ನಿನ್ನ ಕಲ್ಲು ನಾನೇ ಕೆತ್ತುತ್ತೇನೆ ಎಂದು ಅವತ್ತು ಆಡಿದ ಮಾತು ಸುಳ್ಳಾಯಿತು ಜೆಸ್ಸಿ. ಇನ್ನಾಸಿಗೆ ನೀನೇ ಮೊದಲು ಹೇಳು.

ಅವನ ಹೆಸರಿನ ಕೆಳಗೆ ಇನ್ನೊಂದು ಹೆಸರಿದೆ. ಅದನ್ನು ಮಾತ್ರ ನಾನೇ ಕೆತ್ತಿದೆ. ಚೌರಪ್ಪ, ಹುಟ್ಟಿದ್ದು 1941, ಮುಂದೆ ಖಾಲಿ. ಬೇವಿನ ಮರದ ಪಕ್ಕ ಇನ್ನೊಬ್ಬನಿಗೆ ಜಾಗವಿದೆಯೇ ಎಂದು ನಿಮ್ಮ ಮದರ್ ಅವರನ್ನು ಕೇಳಿಡು. ನಿಮ್ಮಮ್ಮ ನೋಡಿ, "ನನ್ನ ಹೆಸರಿಗೂ ಜಾಗ ಬಿಟ್ಟಿದೀರಾ?" ಎಂದಳು. ಬಿಟ್ಟಿದ್ದೇನೆ.

ಕಲ್ಲು ಭಾರವಾಗಿದೆ, ಇಳಿಸಲು ನಾಲ್ಕು ಜನರನ್ನು ಇರಿಸಿಕೊ.

ಅಪ್ಪ